ಶುಕ್ರವಾರದ ಆರು ಮಿಲಿ

ಮಾರ್ಚ್ 4, ಮಂಗಳವಾರ

ಮತ್ತೆ ಖಾಲಿ.

ಡಾರ್ಕ್‌ರೂಮಿನಿಂದ ಫಿಲ್ಮ್ ಹಿಡಿದು ಹೊರಗೆ ಬಂದೆ. ಚೇಂಬರಿನಲ್ಲಿ ಆಕ್ಸಿಜನ್ ಇಳಿಸಿ ಇಟ್ಟಿದ್ದ ಕೋಶಗಳಲ್ಲಿ ಹಿಫ್ ಪ್ರೋಟೀನಿನ ಗೆರೆ, ನಮ್ಮ ಭಾಷೆಯ ಬ್ಯಾಂಡ್, ಕಪ್ಪಗೆ, ದಪ್ಪಗೆ ಬಂದಿದೆ. ಬರಲೇಬೇಕು, ಆಕ್ಸಿಜನ್ ಕಡಿಮೆಯಾದರೆ ಕೋಶಗಳು ಅದನ್ನು ಉಳಿಸಿಕೊಳ್ಳುತ್ತವೆ. ಮಾಮೂಲಿ ಗಾಳಿಯಲ್ಲಿ ಬೆಳೆದ ಕೋಶಗಳಲ್ಲಿ ಏನೂ ಇಲ್ಲ. ಬೇರೆ ಯಾವ ಲ್ಯಾಬಿನವರಾದರೂ ಇದನ್ನು ನೋಡಿ, ಸರಿಯಾಗಿದೆ ಎಂದು ಕಾಫಿಗೆ ಹೋಗುತ್ತಿದ್ದರು. ನಮ್ಮಲ್ಲಿ ಮಾತ್ರ ಹೀಗೆ ಬರಬಾರದು.

ಎಲ್ಲ ದೊಡ್ಡಣ್ಣನ ಪ್ರತಾಪ. ನನಗಿಂತ ಮುಂಚೆ ಇದೇ ಬೆಂಚಿನಲ್ಲಿ ಕೂತಿದ್ದ ಮಹಾನುಭಾವ. ಲ್ಯಾಬಿನವರೆಲ್ಲ ಕರೆಯುವುದೇ ಹಾಗೆ. ನಮ್ಮ ಕ್ಯಾನ್ಸರ್ ಗಡ್ಡೆಯ ಕೋಶಗಳು ಗಾಳಿ ಬೇಕಾದಷ್ಟಿದ್ದರೂ ಹಿಫ್ ಇಟ್ಟುಕೊಂಡೇ ಇರುತ್ತವೆ ಎಂದು ತೋರಿಸಿ, ದೊಡ್ಡ ಪೇಪರ್ ಮಾಡಿ, ಈಗ ಬೇರೆ ಕಡೆ ಸ್ವಂತ ಲ್ಯಾಬ್ ಹಾಕಿಕೊಂಡಿದ್ದಾನೆ. ಅದೇ ಪ್ರಯೋಗ ನನ್ನ ಕೈಯಲ್ಲಿ ಒಂದು ಸಲವೂ ಬಂದಿಲ್ಲ.

ವಟವಟ — ಪಕ್ಕದ ಬೆಂಚಿನವಳು — ಫಿಲ್ಮ್ ನೋಡಿ, "ಇನ್ನೂ ಸ್ವಲ್ಪ ಹೊತ್ತು ಎಕ್ಸ್‌ಪೋಸ್ ಮಾಡ್ಬೇಕಿತ್ತು ಕಣೇ" ಅಂದಳು. ಮಾಡಿದೆ. ಫಿಲ್ಮ್ ಪೂರ್ತಿ ಕಪ್ಪಾಯಿತು. ಬ್ಯಾಂಡ್ ಮಾತ್ರ ಇಲ್ಲ.

ಮಾರ್ಚ್ 6, ಗುರುವಾರ

ಲ್ಯಾಬಿನ ಯಜಮಾನರು, ನಮ್ಮ ಸರ್, ಕರೆಸಿದರು. ಚೇಂಬರಿನ ಗ್ಯಾಸ್ ಕೆಂಪು ಗೆರೆಗೆ ಬಂದಿದೆ, ಹೊಸ ಸಿಲಿಂಡರ್ ಬೇಕು, ಅಂದೆ. ಅದು ಕಿವಿಗೇ ಬೀಳಲಿಲ್ಲ.

"ಏನಂತೆ ಈ ಸಲ?"

"ಬರಲಿಲ್ಲ ಸರ್. ಆಂಟಿಬಾಡಿ ಸರಿ ಇದೆ, ಚೇಂಬರಿನ ಕೋಶಗಳಲ್ಲಿ ಬರ್ತಾ ಇದೆ. ಗಾಳೀಲಿ ಇಟ್ಟವುಗಳಲ್ಲಿ..."

"ಆಂಟಿಬಾಡಿ, ಇನ್‌ಕ್ಯುಬೇಟರು, ಸೀರಮ್ಮು. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ." ಕನ್ನಡಕದ ಮೇಲಿಂದ ನೋಡಿದರು. "ಅವನ ಕೈಯಲ್ಲಿ ಪ್ರತಿ ಸಲ ಬರ್ತಿತ್ತಲ್ಲಮ್ಮಾ. ಅದೇ ಕೋಶ, ಅದೇ ಬೆಂಚು. ಏನು ಬದಲಾಗಿದೆ ಹೇಳು."

ಬದಲಾಗಿರುವುದು ನಾನೊಬ್ಬಳೇ. ಅದನ್ನು ನನ್ನ ಬಾಯಲ್ಲೇ ಹೇಳಿಸಬೇಕು ಅವರಿಗೆ.

ಏಪ್ರಿಲ್ ಕೊನೆಗೆ ನನ್ನ ಕಾಂಟ್ರಾಕ್ಟ್ ಮುಗಿಯುತ್ತದೆ. ಬ್ಯಾಂಡ್ ಬಂದರೆ ರಿನ್ಯೂವಲ್, ಇಲ್ಲದಿದ್ದರೆ ಮನೆ. ಇಷ್ಟು ನೇರವಾಗಿ ಹೇಳಲಿಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದರು. ಅವರ ಕಷ್ಟವೂ ಗೊತ್ತು. ಮುಂದಿನ ಪ್ರಾಜೆಕ್ಟ್ ಪೂರ್ತಿ ಆ ಪೇಪರಿನ ಮೇಲೆ ನಿಂತಿದೆ. ಈ ಕೋಶಗಳಲ್ಲಿ ಹಿಫ್ ಯಾಕೆ ನಾಶವಾಗುವುದಿಲ್ಲ ಎಂದು ಹುಡುಕಬೇಕು, ಅದಕ್ಕೆ ಔಷಧ ಮಾಡಬೇಕು... ಮೊದಲು ನಾಶವಾಗದಿರುವುದನ್ನು ನಾನು ತೋರಿಸಬೇಕು. ನನ್ನ ಕೈಯಲ್ಲಿ ಅದು ಲಕ್ಷಣವಾಗಿ ನಾಶವಾಗುತ್ತಿದೆ.

ಮಾರ್ಚ್ 9, ಭಾನುವಾರ

ಇವತ್ತೂ ಹೋಗಿ ಬಂದೆ. ಕೋಶಗಳು ಮುಳುಗಿ ಉಣ್ಣುವ ಹಳೆಯ ಮೀಡಿಯಂ ತೆಗೆದು ಹೊಸದು ಹಾಕುವುದಷ್ಟೇ ಕೆಲಸ. ಅದಕ್ಕೆ ಎರಡು ಬಸ್ ಹೋಗುವಾಗ, ಎರಡು ಬಸ್ ಬರುವಾಗ.

ಊಟಕ್ಕೆ ಕೂತಾಗ ಅತ್ತೆ ಶುರು ಮಾಡಿದರು. "ಅಲ್ಲಮ್ಮಾ, ಆ ನಿನ್ನ ಕೂಸುಗಳಿಗೆ ಭಾನುವಾರವೂ ರಜೆ ಇಲ್ವಾ?"

"ಹೊಸ ಮೀಡಿಯಂ ಹಾಕದಿದ್ರೆ ಸೋಮವಾರದ ಹೊತ್ತಿಗೆ ಹಸಿದುಬಿಡ್ತವೆ ಅತ್ತೆ."

"ನನ್ನ ಮಗ ಬೆಳಗ್ಗೆಯಿಂದ ಹಸಿದುಕೊಂಡು ಕೂತಿದ್ದ. ಅವನಿಗೆ ಯಾರು ಮೀಡಿಯಂ ಹಾಕ್ತಾರೆ?"

ಇವರು ನಕ್ಕರು. ಲಿಫ್ಟ್ ರಿಪೇರಿಯ ಕೆಲಸ ಇವರದು, ಭಾನುವಾರ ಒಂದೇ ದಿನ ಫೋನ್ ಆಫ್. ಆ ಒಂದು ದಿನವೇ ನಾನಿರುವುದಿಲ್ಲ. ನಕ್ಕರೂ ಆ ನಗುವಿನಲ್ಲಿ ಮುನಿಸಿತ್ತು.

ಅತ್ತೆ ಬಿಡಲಿಲ್ಲ. ಹಿಫ್ ಅಂದರೆ ಏನು, ಸರಿಯಾಗಿ ಹೇಳು, ಅಂದರು. ಹೇಳಿದೆ. ಕೋಶದ ಒಳಗೆ ಅದು ಎಲ್ಲ ಹೊತ್ತೂ ತಯಾರಾಗುತ್ತಲೇ ಇರುತ್ತದೆ. ಪಕ್ಕದಲ್ಲೇ ಒಂದು ಎನ್‌ಜೈಮ್ ನಿಂತಿರುತ್ತದೆ. ಆಕ್ಸಿಜನ್ ಇದ್ದರೆ ಅದರಿಂದಲೇ ಹಿಫ್ ಮೇಲೆ ಒಂದು ಗುರುತು ಹಾಕುತ್ತದೆ. ಗುರುತು ಬಿದ್ದದ್ದನ್ನು ಇನ್ನೊಂದು ಪ್ರೋಟೀನ್ ಹಿಡಿದು ಚೂರು ಮಾಡಲು ಕಳಿಸುತ್ತದೆ. ಎಲ್ಲ ಕೆಲವೇ ನಿಮಿಷದಲ್ಲಿ.

"ಮಾಡೋದು, ಬಿಸಾಡೋದು. ಮಾಡೋದು, ಬಿಸಾಡೋದು. ಇದೆಂಥ ದಂಡದ ಕೆಲಸ!" ಅತ್ತೆಗೆ ಸಿಟ್ಟೇ ಬಂತು.

"ದಂಡ ಅಲ್ಲ ಅತ್ತೆ. ಉಸಿರು ಕಟ್ಟಿದಾಗ ಹೊಸದಾಗಿ ಮಾಡ್ತಾ ಕೂರೋಕೆ ಪುರುಸೊತ್ತೆಲ್ಲಿ? ಆಕ್ಸಿಜನ್ ಇಲ್ಲ ಅಂದ್ರೆ ಗುರುತು ಹಾಕೋಕಾಗಲ್ಲ. ಬಿಸಾಡೋದು ತಾನಾಗಿ ನಿಲ್ಲುತ್ತೆ. ಆಗ ಹಿಫ್ ಉಳಿದು, ಒಳಗೆ ಹೋಗಿ, ಹೊಸ ರಕ್ತನಾಳ ಬೆಳೆಸಿ, ಕೆಂಪು ರಕ್ತ ಹೆಚ್ಚು ಮಾಡಿ, ಗಾಳಿಯಿಲ್ಲದೇ ಸಕ್ಕರೆ ಉರಿಸಿ ಅಂತ ನೂರೆಂಟು ಆರ್ಡರ್ ಕೊಡುತ್ತೆ."

"ಹೂಂ. ಇರೋವಾಗ ಬೆಲೆ ಇಲ್ಲ, ಕಷ್ಟಕ್ಕೆ ಮಾತ್ರ ಬೇಕು. ಅತ್ತೆ ಥರ" ಅಂದರು. ಇವರು ನೀರು ಕುಡಿಯುತ್ತಿದ್ದವರು ಕೆಮ್ಮಿದರು.

ಮಾರ್ಚ್ 13, ಗುರುವಾರ

ಹಿಫ್ ಇದ್ದರೆ ಹಿಡಿದು ತೋರಿಸುವ ಆಂಟಿಬಾಡಿಯನ್ನು ಸರ್ ಹಟಕ್ಕೆ ಹೊಸದಾಗಿ ತರಿಸಿದ್ದರು. ಬಂತು. ಹಾಕಿದೆ. ಖಾಲಿ. ಒಳಗಿನ ಪ್ರೋಟೀನ್ ತೆಗೆಯಲು ಕೋಶಗಳನ್ನು ಒಡೆಯುವಾಗ ನಿಧಾನ ಮಾಡಿದರೆ ಗಾಳಿ ತಗುಲಿ ಹಿಫ್ ಹೋಗಿಬಿಡುತ್ತದೆ ಎಂದು ಐಸಿನ ಮೇಲೆ ಓಡೋಡಿ ಮಾಡಿದೆ. ಬೆರಳು ಮರಗಟ್ಟಿತು. ಖಾಲಿ.

ದೊಡ್ಡಣ್ಣನಿಗೆ ಫೋನ್ ಮಾಡಿದೆ.

"ನಿಮ್ಮ ಪ್ರಯೋಗ ನಂಗೆ ಬರ್ತಾನೇ ಇಲ್ಲ. ಏನಾದ್ರೂ ವಿಶೇಷ ಮಾಡ್ತಿದ್ರಾ?"

"ಎಲ್ಲ ಪೇಪರಲ್ಲೇ ಇದೆಯಲ್ಲಾ."

"ಪೇಪರ್ ಪ್ರಕಾರವೇ ಮಾಡ್ತಿದೀನಿ."

"ಹಾಗಾದ್ರೆ ಕೈ ಕುದುರಬೇಕು. ಕೋಶಗಳನ್ನ ಪ್ರೀತಿಯಿಂದ ನೋಡ್ಕೋ ತಾಯಿ." ನಕ್ಕ. ಇಟ್ಟ.

ಪ್ರೀತಿಯಂತೆ! ಭಾನುವಾರ ಎರಡು ಬಸ್ ಬದಲಿಸುವುದಕ್ಕೆ ಏನನ್ನುತ್ತಾನೆ ಇವನು?

ಮಾರ್ಚ್ 21, ಶುಕ್ರವಾರ

ವಾರದಿಂದ ಬರೆದಿಲ್ಲ. ಬರೆಯುವುದಾದರೂ ಏನು, ಖಾಲಿ ಖಾಲಿ ಎಂದೇ?

ಈ ಭಾನುವಾರ ನಾದಿನಿ ಮನೆ ಬದಲಿಸುತ್ತಿದ್ದಾಳೆ. ಸಾಮಾನು ಹೊರಲು ನಾವೆಲ್ಲ ಹೋಗಲೇಬೇಕು. "ಈ ಸಲ ಲ್ಯಾಬು ಅಂದ್ರೆ ನಾನು ಮಾತಾಡಲ್ಲ ನೋಡು" ಅಂದಿದ್ದಾರೆ ಇವರು. ಮಾತಾಡದಿದ್ದರೆ ಇವರಿಗೇ ಕಷ್ಟ, ಆದರೂ ಒಪ್ಪಿಕೊಂಡೆ.

ಸಂಜೆ ಹೊರಡುವ ಮುಂಚೆ ಪ್ಲೇಟುಗಳಿಗೆ ಮೀಡಿಯಂ ಧಾರಾಳವಾಗಿ ಹಾಕಿದೆ. ಕೋಶ ಬೆಳೆಯುವ ಒಂದೊಂದು ಗುಂಡಿಗೆ ಎರಡು ಮಿಲಿ ಹಾಕುವ ಕಡೆ ಆರು. ಸೋಮವಾರದ ತನಕ ಉಂಡುಕೊಂಡು ಬಿದ್ದಿರಲಿ.

ಮಾರ್ಚ್ 25, ಮಂಗಳವಾರ

ಬಂತು!!

ಗಾಳಿಯಲ್ಲಿಟ್ಟ ಗಡ್ಡೆ ಕೋಶಗಳಲ್ಲಿ ಹಿಫ್ ಬ್ಯಾಂಡ್. ಪಕ್ಕದಲ್ಲೇ ಹೋಲಿಕೆಗೆ ಇಟ್ಟ ಸಾಧಾರಣ ಕೋಶಗಳಲ್ಲಿ ಇಲ್ಲ. ದೊಡ್ಡಣ್ಣನ ಚಿತ್ರ ಇದ್ದ ಹಾಗೇ. ಡಾರ್ಕ್‌ರೂಮಿನಲ್ಲೇ ಒಬ್ಬಳೇ ಕೂಗಿಬಿಟ್ಟೆ. ವಟವಟ ಬಾಗಿಲು ಬಡಿದು "ಶಾಕ್ ಹೊಡೀತೇನೇ?" ಅಂದಳು.

ಸರ್ ಫಿಲ್ಮ್ ಕೈಗೆ ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ ತುಂಬ ಹೊತ್ತು ನೋಡಿದರು. "ನಾನು ಹೇಳಿರಲಿಲ್ವಾ?" ಅಂದರು. ಹೇಳಿದ್ದು ಏನು ಎಂದು ನೆನಪಿದೆ, ಇರಲಿ. ಇವತ್ತು ಯಾರ ಮೇಲೂ ಕೋಪ ಇಲ್ಲ.

ಒಂದೇ ಒಂದು ಅರ್ಥವಾಗಲಿಲ್ಲ. ಅಷ್ಟು ಮೀಡಿಯಂ ಹಾಕಿದ್ದರೂ ಸೋಮವಾರ ಅದು ಹಳದಿಯಾಗಿತ್ತು. ಕೆಂಪಗಿರಬೇಕಾದದ್ದು. ಹುಳಿಯಾದರೆ ಹಳದಿಯಾಗುತ್ತದೆ. ಮೂರು ಪಟ್ಟು ಊಟ ಹಾಕಿದರೂ ಯಾಕೆ ಹುಳಿ? ಇರಲಿ.

ಮಾರ್ಚ್ 27, ಗುರುವಾರ

ರಿನ್ಯೂವಲ್ ಫೈಲಿಗೆ ಸರ್ ಸಹಿ ಹಾಕಿದರು. ಮೂರು ವರ್ಷ! ಅತ್ತೆ ಬೀದಿಯವರಿಗೆಲ್ಲ ಹೇಳಿಬಂದಿದ್ದಾರೆ. ಮೇಲಿನ ಮನೆಯವರು ಮೆಟ್ಟಿಲಲ್ಲಿ ಸಿಕ್ಕಿ, "ಉಸಿರಿನ ಔಷಧಿ ಕಂಡುಹಿಡಿದ್ರಂತೆ!" ಅಂದರು. ಇವರು ಹಳೆಯ ಫ್ರಿಜ್ ತೆಗೆದು ಹೊಸದು ತರೋಣ ಅಂದರು. ಚೆನ್ನಾಗಿ ನಿದ್ದೆ ಬರುತ್ತಿದೆ.

ಏಪ್ರಿಲ್ 3, ಗುರುವಾರ

ನಿದ್ದೆ ಹೋಯಿತು.

ಈ ವಾರ ಮತ್ತೆ ಮಾಡಿದೆ. ಸೋಮವಾರ ಹಾಕಿ, ಬುಧವಾರ ಒಡೆದು, ಇವತ್ತು ಫಿಲ್ಮ್. ಖಾಲಿ. ಅದೇ ಕೋಶ, ಅದೇ ಆಂಟಿಬಾಡಿ, ಅದೇ ನಾನು! ಫಿಲ್ಮ್ ಹರಿದುಹಾಕಬೇಕು ಅನ್ನಿಸಿತು. ಅದು ಹರಿಯುವುದೂ ಇಲ್ಲ ದರಿದ್ರ.

ಕಲ್ಚರ್ ರೂಮಿನಲ್ಲಿ ಸ್ಟೂಲ್ ಎಳೆದುಕೊಂಡು ಸುಮ್ಮನೆ ಕೂತೆ. ಆ ವಾರ ಏನು ಬೇರೆ ಮಾಡಿದ್ದೆ? ಏನೂ ಇಲ್ಲ. ಮಾಡದೇ ಇದ್ದದ್ದು ಒಂದು — ಭಾನುವಾರ ಬಂದಿರಲಿಲ್ಲ. ಬರಬೇಕಾಗದಿರಲಿ ಎಂದು ಆರು ಮಿಲಿ ಹಾಕಿದ್ದೆ.

ಆಗ ಹಳದಿ ನೆನಪಾಯಿತು. ಸಕ್ಕರೆಯನ್ನು ಆಕ್ಸಿಜನ್ ಇಲ್ಲದೆ ಉರಿಸಿದರೆ ಹುಳಿ ಬರುತ್ತದೆ. ಗಾಳಿ ಇರುವುದು ಪ್ಲೇಟಿನ ಮೇಲೆ, ಕೋಶಗಳು ಅಂಟಿಕೊಂಡಿರುವುದು ತಳದಲ್ಲಿ. ನಡುವೆ ಮೀಡಿಯಂ. ಆಕ್ಸಿಜನ್ ಅದರಲ್ಲಿ ಇಳಿಯುವುದು ಆಮೆಯ ನಡಿಗೆಯಲ್ಲಿ. ಇವೋ ಮೊದಲೇ ಹೊಟ್ಟೆಬಾಕ ಕೋಶಗಳು, ಎರಡು ದಿನದಲ್ಲಿ ದುಪ್ಪಟ್ಟಾಗಿ, ಇಳಿದದ್ದನ್ನೆಲ್ಲ ನುಂಗಿಹಾಕಿದರೆ?

ಅಂದರೆ ಅವು ಗಾಳಿಯಲ್ಲಿ ಇರಲೇ ಇಲ್ಲ. ಉಸಿರು ಕಟ್ಟಿ ಕೂತಿದ್ದವು. ಹಿಫ್ ಇರದೆ ಇನ್ನೇನು!

ಸ್ಟೂಲಿನಿಂದ ಎದ್ದೆ. ದೊಡ್ಡಣ್ಣನಿಗೆ ಫೋನ್.

"ಗುಂಡಿಗೆ ಎಷ್ಟು ಮೀಡಿಯಂ ಹಾಕ್ತಿದ್ರಿ?"

"ಅದಕ್ಕೆಲ್ಲ ಅಳತೆ ಯಾಕೆ? ಶುಕ್ರವಾರ ತುಂಬ ಹಾಕಿಬಿಡ್ತಿದ್ದೆ. ಪಾಪ, ಎರಡು ದಿನ ಹಸಿವಾಗಬಾರದಲ್ಲಾ. ಭಾನುವಾರ ಯಾರು ಬರ್ತಾರೆ?"

"ಪ್ರತಿ ಸಲ ಸೋಮವಾರವೇ ಒಡೀತಿದ್ರಾ?"

"ಹೂಂ, ಸೋಮವಾರವೇ. ಯಾಕೆ?"

ಏನೂ ಇಲ್ಲ ಅಂದೆ. ಇವನ ಪ್ರೀತಿಗೆ ಬೆಂಕಿ ಹಾಕ.

ಏಪ್ರಿಲ್ 8, ಮಂಗಳವಾರ

ಶುಕ್ರವಾರ ಎರಡೂ ಹಾಕಿದ್ದೆ. ಒಂದು ಪ್ಲೇಟಿಗೆ ಎರಡು ಮಿಲಿ, ಇನ್ನೊಂದಕ್ಕೆ ಆರು. ಎರಡರದಕ್ಕೆ ಭಾನುವಾರ ಹೋಗಿ ಮೀಡಿಯಂ ಬದಲಿಸಿಯೂ ಬಂದೆ. ಇವರು ಮಾತಾಡಲಿಲ್ಲ, ನಿಜವಾಗಿಯೂ.

ಕೆಳಗಿನ ಮಹಡಿಯಲ್ಲಿ ಮೀನು ಸಾಕುವವರ ಲ್ಯಾಬ್ ಇದೆ. ಸೂಜಿಯಷ್ಟು ತೆಳ್ಳನೆಯ ಆಕ್ಸಿಜನ್ ಮೀಟರ್ ಅವರ ಹತ್ತಿರ ಸಿಕ್ಕಿತು. ನಿನ್ನೆ ಕೋಶ ಒಡೆಯುವ ಮುಂಚೆ ಪ್ಲೇಟಿಗೆ ಇಳಿಸಿದೆ. ಎರಡು ಮಿಲಿಯದರಲ್ಲಿ ತಳಕ್ಕೆ ಮುಟ್ಟಿದಾಗಲೂ ಪರವಾಗಿಲ್ಲ. ಆರು ಮಿಲಿಯದರಲ್ಲಿ ಇಳಿಸಿದಷ್ಟೂ ಅಂಕಿ ಬೀಳುತ್ತಾ ಹೋಯಿತು. ತಳದಲ್ಲಿ ಸೊನ್ನೆ ಎಂದರೂ ತಪ್ಪಿಲ್ಲ. ನಮ್ಮ ಚೇಂಬರಿಗಿಂತ ಕಡಿಮೆ! ಸಾಧಾರಣ ಕೋಶಗಳದೂ ನೋಡಿದೆ. ಅವು ನಿಧಾನದವು, ಕಡಿಮೆ ಉಸಿರಾಡುವವು. ಆರು ಮಿಲಿಯ ಕೆಳಗೂ ಅವಕ್ಕೆ ಬೇಕಾದಷ್ಟು ಉಳಿದಿತ್ತು.

ಇವತ್ತು ಫಿಲ್ಮ್. ಎರಡರಲ್ಲಿ ಇಲ್ಲ. ಆರರಲ್ಲಿ ಇದೆ.

ಇನ್ನು ಅನುಮಾನ ಬೇಡ. ಈ ಕೋಶಗಳಲ್ಲಿ ಏನೂ ಕೆಟ್ಟಿಲ್ಲ. ಆಕ್ಸಿಜನ್ ಇದ್ದರೆ ಬಿಸಾಡುತ್ತವೆ, ಇಲ್ಲದಿದ್ದರೆ ಇಟ್ಟುಕೊಳ್ಳುತ್ತವೆ. ಅಷ್ಟೂ ಜನ ಓದಿದ ಪೇಪರಿನಲ್ಲಿ ಇರುವುದು ಒಬ್ಬ ಸೋಮಾರಿಯ ಭಾನುವಾರ. ನನ್ನ ಮೂರು ವರ್ಷದ ಫೈಲು ನಿಂತಿರುವುದೂ ಅದರ ಮೇಲೆಯೇ. ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ.

ಏಪ್ರಿಲ್ 9, ಬುಧವಾರ

ಸರ್‌ಗೆ ಹೇಳಿದೆ. ಅರ್ಧದಲ್ಲೇ "ಬಾಗಿಲು ಹಾಕು" ಅಂದರು. ಹಾಕಿದೆ. ಫಿಲ್ಮ್, ಮೀಟರಿನ ಅಂಕಿಗಳು, ಎಲ್ಲ ಮೇಜಿನ ಮೇಲಿಟ್ಟೆ. ಅವರು ಯಾವುದನ್ನೂ ಮುಟ್ಟಲಿಲ್ಲ.

"ಇದನ್ನ ಬೇರೆ ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ ಸರ್."

"ನೋಡಮ್ಮಾ, ಪ್ರಪಂಚದಲ್ಲಿ ಯಾರೂ ಮೀಡಿಯಂನ ಆಳ ಅಳೆದು ಪೇಪರ್ ಬರೆಯೋದಿಲ್ಲ. ಬ್ಯಾಂಡ್ ಬಂದಿದೆ, ಇಬ್ಬರ ಕೈಯಲ್ಲಿ ಬಂದಿದೆ. ಹದಿನೇಳಕ್ಕೆ ಪ್ರಾಜೆಕ್ಟ್‌ನೋರು ಬರ್ತಾರೆ. ಅದು ಮುಗೀಲಿ, ಆಮೇಲೆ ನಿಧಾನಕ್ಕೆ ಕೂತು ನೋಡೋಣ."

"ಆದ್ರೆ ಸರ್, ಅವರು ದುಡ್ಡು ಕೊಡೋದೇ..."

"ನಿನ್ನ ಫೈಲ್ ಇನ್ನೂ ಆಫೀಸಲ್ಲಿದೆ, ಅಲ್ವಾ?"

ಸರಿ ಸರ್, ಅಂದೆ. ಥೂ. ಸರಿ ಸರ್ ಅಂದೆ! ಬಸ್ಸಿನಲ್ಲಿ ಪೂರ್ತಿ ದಾರಿ ನನಗೆ ನಾನೇ ಬೈದುಕೊಂಡೆ. ಪಕ್ಕದಲ್ಲಿ ಕೂತಿದ್ದವರು ಎದ್ದು ಹಿಂದಿನ ಸೀಟಿಗೆ ಹೋದರು.

ಏಪ್ರಿಲ್ 16, ಬುಧವಾರ

ಇಷ್ಟು ದಿನ ಬರೆಯಲು ಮುಖವಿರಲಿಲ್ಲ.

ಇವರಿಗೆ ಎಲ್ಲ ಹೇಳಿದೆ. ಕೇಳಿಸಿಕೊಂಡು, "ಕೆಲಸ ಹೋದ್ರೆ ಹೋಗುತ್ತೆ ಅಂತ ಹೇಳೋಕೆ ನಂಗೂ ಇಷ್ಟ ಕಣೇ. ಆದ್ರೆ ಬಾಡಿಗೆ ಕಟ್ಟೋದು ಇಬ್ಬರ ಸಂಬಳದಲ್ಲಿ. ನಾನು ಹೇಳಲ್ಲ. ನೀನೇ ನೋಡು" ಅಂದರು. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಅತ್ತೆಗೆ ಹೇಳಿಲ್ಲ. ನಾಳೆ ಏನು ಉಟ್ಟುಕೊಳ್ಳುತ್ತೀಯ ಎಂದು ಎರಡು ಸಲ ಕೇಳಿದರು.

ಏಪ್ರಿಲ್ 17, ಗುರುವಾರ, ಸಂಜೆ

ಪ್ರಾಜೆಕ್ಟಿನವರು ಇಬ್ಬರು ಬಂದಿದ್ದರು. ನಮ್ಮ ಮಹಡಿಯವರೆಲ್ಲ ಇದ್ದರು. ಸರ್ ನನ್ನ ಬ್ಯಾಂಡನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸಿದರು. "ಹೊಸ ಕೈ, ಅದೇ ಫಲಿತಾಂಶ" ಅಂದರು. ಚಪ್ಪಾಳೆ. ವಟವಟ ನನ್ನ ಭುಜ ತಟ್ಟಿದಳು. ಬಂದವರಲ್ಲಿ ಹಿರಿಯಾಕೆ ನನ್ನ ಕಡೆ ತಿರುಗಿ, "ಇದು ತುಂಬಾ ಕಷ್ಟದ ಪ್ರಯೋಗ ಅಂತಾರೆ. ಹೇಗೆ ಮಾಡಿದ್ರಿ?" ಅಂತ ಪ್ರೀತಿಯಿಂದಲೇ ಕೇಳಿದರು.

ಪರೀಕ್ಷೆ ಮಾಡಲು ಕೇಳಿದ್ದಲ್ಲ. ಥ್ಯಾಂಕ್ಸ್ ಮೇಡಂ ಎಂದು ಕೂತಿದ್ದರೆ ಮುಗಿದಿತ್ತು.

ಎದ್ದು ನಿಂತೆ. "ಆ ಪ್ಲೇಟಲ್ಲಿ ಮೀಡಿಯಂ ಆರು ಮಿಲಿ ಇತ್ತು ಮೇಡಂ. ತಳದಲ್ಲಿ ಆಕ್ಸಿಜನ್ ಇರಲಿಲ್ಲ. ಎರಡೇ ಮಿಲಿ ಹಾಕಿದ್ರೆ ಈ ಬ್ಯಾಂಡ್ ಬರಲ್ಲ."

ಸರ್ ಮುಂದಿನ ಸ್ಲೈಡ್ ಹಾಕಿದರು. ಅದರಲ್ಲಿ ಔಷಧಗಳ ಪಟ್ಟಿ ಇತ್ತು. ಹಿಂದಕ್ಕೆ ಹೋದರು. ಮತ್ತೆ ಮುಂದಕ್ಕೆ. ಆಮೇಲೆ ಆರಿಸಿದರು.

ನಿಜ ಹೇಳಿದರೆ ಮನಸ್ಸು ಹಗುರಾಗುತ್ತದೆ ಅಂತಾರೆ. ಶುದ್ಧ ಸುಳ್ಳು. ಬರೀ ಸಿಟ್ಟು. ದೊಡ್ಡಣ್ಣನ ಮೇಲೆ, ಸರ್ ಮೇಲೆ, ಸುಮ್ಮನಿರಲಾರದ ನನ್ನ ಬಾಯಿಯ ಮೇಲೆ.

ಏಪ್ರಿಲ್ 18, ಶುಕ್ರವಾರ

ಬೆಳಗ್ಗೆ ಆಫೀಸಿನಿಂದ ಫೋನ್. ಫೈಲನ್ನು ಸರ್ ವಾಪಸ್ ತರಿಸಿಕೊಂಡಿದ್ದಾರಂತೆ. ಸರಿ.

ಅತ್ತೆಗೆ ಗೊತ್ತಾಯಿತು. "ಬಾಯಿ ಮುಚ್ಚಿಕೊಂಡಿದ್ರೆ ಏನು ಗಂಟು ಹೋಗ್ತಿತ್ತು?" ಅಂದರು. ಆಮೇಲೆ ಅಡುಗೆಮನೆಯಿಂದಲೇ, "ಆ ಮನುಷ್ಯ ನಿನ್ನನ್ನ ಮುಂದೆ ನಿಲ್ಲಿಸಿ ಸುಳ್ಳು ಹೇಳಿಸ್ತಿದ್ನಲ್ಲ, ಅವನಿಗೆ ನಾಚಿಕೆ ಬೇಡ್ವಾ?" ಅಂದರು.

ಮಧ್ಯಾಹ್ನ ಸಾಮಾನು ಕಟ್ಟಲೆಂದೇ ಲ್ಯಾಬಿಗೆ ಹೋದೆ. ಕಲ್ಚರ್ ರೂಮಿನಲ್ಲಿ ಸರ್! ನಾನು ಸೇರಿದಾಗಿನಿಂದ ಅವರನ್ನು ಅಲ್ಲಿ ಕಂಡಿಲ್ಲ. ಗ್ಲೌಸ್ ಚಿಕ್ಕದಾಗಿ ಕೈಗೆ ಕಚ್ಚಿಕೊಂಡಿತ್ತು.

"ನೀನು ಮುಟ್ಟಬೇಡ" ಅಂದರು. "ಎಷ್ಟೆಷ್ಟು ಹೇಳು ಸಾಕು."

ಎರಡು ಸರ್, ಆರು ಸರ್. ಎರಡು ಹನಿ ಹೊರಗೆ ಚೆಲ್ಲಿದರು. ಬೈಯಲಿಲ್ಲ, ಮುಖ ನೋಡಲಿಲ್ಲ. "ಭಾನುವಾರ ಬದಲಿಸೋಕೆ ನಾನೇ ಬರ್ತೀನಿ" ಅಂದರು.

ಏಪ್ರಿಲ್ 22, ಮಂಗಳವಾರ

ಇಬ್ಬರೂ ಡಾರ್ಕ್‌ರೂಮಿನಲ್ಲಿ. ಇಬ್ಬರು ನಿಲ್ಲುವ ಜಾಗವಲ್ಲ ಅದು, ಉಸಿರು ಹಿಡಿದು ನಿಂತಿದ್ದೆ. ಸರ್ ಫಿಲ್ಮ್ ಎತ್ತಿದರು. ಎರಡರಲ್ಲಿ ಇಲ್ಲ. ಆರರಲ್ಲಿ ಇದೆ.

ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತುಬಿಟ್ಟರು. ವಯಸ್ಸಾದವರ ಹಾಗೆ ಕಂಡರು. ಪಾಪ ಅನ್ನಿಸಿತು, ಅನ್ನಿಸಿದ್ದಕ್ಕೆ ಸಿಟ್ಟೂ ಬಂತು. ಇವರಿಗೆ ಯಾಕೆ ಪಾಪ? ತಿಂಗಳುಗಟ್ಟಲೆ ನನ್ನ ಕೈಯನ್ನೇ ಹಳಿದವರು.

"ಪೇಪರ್ ತಪ್ಪು ಅಂತ ನಾವೇ ಬರೀಬೇಕು" ಅಂದರು ಕೊನೆಗೆ. "ಬೇರೆಯೋರು ಬರೆಯೋ ಮುಂಚೆ. ಅವನಿಗೆ ನಾನು ಫೋನ್ ಮಾಡ್ತೀನಿ. ಬರೆಯೋಳು ನೀನು. ಎಲ್ಲ ಆಳದಲ್ಲೂ ಅಳೀಬೇಕು, ಬೇರೆ ಕೋಶಗಳಲ್ಲೂ ನೋಡಬೇಕು. ಎಷ್ಟು ತಿಂಗಳು ಬೇಕು ನಿನಗೆ?"

ಈ ತಿಂಗಳಿಗೆ ನನ್ನ ಕಾಂಟ್ರಾಕ್ಟ್ ಮುಗಿಯುತ್ತದೆ ಎಂಬುದು ನೆನಪಿದ್ದೇ ಕೇಳಿದರೋ, ಮರೆತು ಕೇಳಿದರೋ! ಆ ಮುಖದಲ್ಲಿ ಏನೂ ತಿಳಿಯಲಿಲ್ಲ. ಲೆಕ್ಕ ಹಾಕಿ ಹೇಳ್ತೀನಿ ಸರ್, ಎಂದು ಬೆಂಚಿಗೆ ಓಡಿಬಂದು ಇದನ್ನು ಬರೆಯುತ್ತಾ ಕೂತಿದ್ದೇನೆ ದಡ್ಡಿಯ ಹಾಗೆ. ಅವರು ಇನ್ನೂ ಅಲ್ಲೇ ಕೂತಿದ್ದಾರೆ, ಗಾಜಿನಲ್ಲಿ ಕಾಣುತ್ತಿದೆ. ಈ ಕಡೆಯೇ ನೋಡುತ್ತಿದ್ದಾರೆ. ಮೂರು ಅಂದರೆ ಕೆಲಸ ಮುಗಿಯುವುದಿಲ್ಲ. ವರ್ಷ ಅಂದರೆ ಎದ್ದು ಹೋಗಿಬಿಡುತ್ತಾರೆ. ನಿಜವಾಗಿ ಎಷ್ಟು ಬೇಕೋ ಅಷ್ಟೇ ಹೇಳಬೇಕು ಅಂದರೆ — ಆರು. ಹೋಗಿ ಹೇಳಿಬರುತ್ತೇನೆ.